ಬೆನ್ನ ಹಿಂದಿನ ಸೀಟಿ

ಫಕ್ಕೀರಸಾಬ ನಮ್ಮ ಮನೆಗೆ ಬಂದಾಗ ಅವನ ಕೈಯಲ್ಲಿ ಅಪ್ಪನ ಅಂಗಿಯ ಕಾಲರ್ ಇತ್ತು. ಅಂಗಿ ಅಪ್ಪನ ಮೈಮೇಲೇ ಇತ್ತು. ಕಾಲರ್ ಮಾತ್ರ ಇವನ ಹತ್ತಿರ.

“ತಗೋ ತಂಗಿ, ಹೊಲದು ಕೊಡು,” ಅಂತ ಅದನ್ನು ಅವ್ವನ ಮುಂದಿದ್ದ ಮೆಣಸಿನಕಾಯಿ ರಾಶಿಯ ಮೇಲೆ ಇಟ್ಟ. “ಹರಿದಾಂವ ನಾನ. ಹರೀಲಿಲ್ಲಂದ್ರ ಇವತ್ತ ನಿನ್ನ ಗಂಡನ್ನ ಬುಟ್ಟ್ಯಾಗ ತುಂಬಿ ತರಬೇಕಾಗಿತ್ತು.”

ಅಪ್ಪ ಬ್ಯಾಡಗಿ ಮತ್ತು ಹಾವೇರಿ ನಡುವೆ ರೈಲು ಹಳಿಗೆ ಜಲ್ಲಿ ತುಂಬುವ ಗ್ಯಾಂಗಿನಲ್ಲಿದ್ದ. ಫಕ್ಕೀರಸಾಬ ಅದೇ ಗ್ಯಾಂಗಿನ ಸೀಟಿಯವ. ಉಳಿದವರು ಬಗ್ಗಿ ಕೆಲಸ ಮಾಡುವಾಗ ಇವನೊಬ್ಬ ನಿಂತು ಎರಡೂ ಕಡೆ ನೋಡಬೇಕು, ಗಾಡಿ ಬಂತೆಂದರೆ ಸೀಟಿ ಊದಬೇಕು. ಕೇಳಿದವರು ಸಲಿಕೆ ಬಿಟ್ಟು ಇಳಿಯಬೇಕು. ಅವತ್ತು ಎಲ್ಲರೂ ಇಳಿದರು. ಅಪ್ಪ ಬಗ್ಗಿಕೊಂಡೇ ಇದ್ದ.

“ಕೇಳಸ್ತು, ಇಳಿಯಾಕತ್ತಿದ್ದೆ,” ಅಂದ ಅಪ್ಪ.

“ಏನ್ ಕೇಳಸ್ತು? ಊದಿ ಊದಿ ನನ್ನ ಬಾಯಾಗಿನ ಎಲಿ ಅಡಕಿ ಸುದ್ದಾ ಸೀಟ್ಯಾಗ ಹೋತು.”

ಮೇಸ್ತ್ರಿಗೆ ಅವನು ಹೇಳಿರಲಿಲ್ಲ. ಹೇಳಿದ್ದರೆ ಅಪ್ಪನ ಕೆಲಸ ಅಲ್ಲಿಗೇ ಮುಗಿಯುತ್ತಿತ್ತು. ಕಿವುಡನನ್ನು ಹಳಿಯ ಮೇಲೆ ಯಾರೂ ನಿಲ್ಲಿಸಿಕೊಳ್ಳುವುದಿಲ್ಲ. ನಿಲ್ಲಿಸಿಕೊಳ್ಳಲೂಬಾರದು.

“ಜ್ವರ ಬಂದಾವ ಅಂತ ಹೇಳತೇನಿ,” ಅಂದ ಫಕ್ಕೀರಸಾಬ. “ಕಿವಿ ತೋರಿಸ್ಕೊಂಡ ಬಾ ಮೈಲಾರಿ. ಆಮ್ಯಾಲ ನಿನ್ನ ಬೆನ್ನ ಹಿಂದ ನಿಂತ ಸೀಟಿ ಊದತೇನಿ. ತಿರುಗಿದಿ, ಕೆಲಸಕ್ಕ ಬಾ. ತಿರುಗಲಿಲ್ಲ, ನಾನ ಹೋಗಿ ಮೇಸ್ತ್ರಿಗೆ ಹೇಳತೇನಿ. ದೋಸ್ತಿ ಅಂತ ಸುಮ್ನ ಕುಂದ್ರಾಂವಲ್ಲ ನಾ.”

ಅವನು ಹೋದ ಮೇಲೆ ನಾನು ರಾಣೆಬೆನ್ನೂರಿನ ಕಿವಿ ಡಾಕ್ಟರ ಮಾತು ತೆಗೆದೆ.

“ಇಷ್ಟಕ್ಕ ಡಾಕ್ಟರ್ ಯಾಕಲೇ ಹನುಮೇಶ?” ಅಂದ ಅಪ್ಪ. “ಕಿವ್ಯಾಗ ಗುಗ್ಗಿ ತುಂಬೇತಿ, ಅಷ್ಟ. ಹಿಂದಕ ಹಾವೇರಿ ಬಸ್‌ಸ್ಟ್ಯಾಂಡಿನ್ಯಾಗ ಒಬ್ಬಾಂವ ನನ್ನ ಕಿವ್ಯಾಗಿಂದ ಕಲ್ಲಿನ ಹರಳ ತಗದಿದ್ದ. ಕಡ್ಲಿಕಾಳಿನಷ್ಟ ಇತ್ತು.”

“ಅಂವಾ ಅದನ್ನ ಬೆರಳ ಸಂದ್ಯಾಗ ಇಟ್ಕೊಂಡ ಬಂದಿರತಾನ, ಯಪ್ಪಾ.”

ಅಪ್ಪ ಕಿವಿಗೆ ಕೈ ಅಡ್ಡ ಹಿಡಿದು ಎರಡು ಸಲ ಹೇಳಿಸಿಕೊಂಡ. “ಎಂಟನೇತ್ತಾದಾಗ ಸಾಲಿ ಅರ್ಧಕ್ಕ ಬಿಟ್ಟಾಂವ ನನಗ ಕಲಸಾಕ ಬಂದಾನ,” ಅಂದು ಅವ್ವನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ.

ನಮ್ಮ ಮನೆಯಲ್ಲಿ ಕಿವಿ ಸ್ವಚ್ಛ ಮಾಡುವುದು ಅಂದರೆ ಅವ್ವನ ತೊಡೆ, ಅವ್ವನ ಹೇರ್‌ಪಿನ್ನು, ಅದರ ತುದಿಗೆ ಒಂದಿಷ್ಟು ಹತ್ತಿ. ಮದುವೆಯಾದಾಗಿನಿಂದ ನಡೆದದ್ದು ಇದೇ. ಅವ್ವ ಬೆಳಗಿನಿಂದ ಮೆಣಸಿನಕಾಯಿ ತೊಟ್ಟು ಬಿಡಿಸಿದ ಕೈಯನ್ನು ಸೆರಗಿಗೆ ಒರೆಸಿಕೊಂಡಳು, ತೊಳೆಯಲಿಲ್ಲ. ಬ್ಯಾಡಗಿಯಲ್ಲಿ ಅದನ್ನು ಯಾರೂ ದೊಡ್ಡ ತಪ್ಪು ಅನ್ನುವುದಿಲ್ಲ. ನಮ್ಮೂರ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ. ಅದೇ ಕೈಯಲ್ಲಿ ಕೂಸುಗಳ ಮೂಗು ಒರೆಸುತ್ತಾರೆ. ಆದರೆ ಆ ವಾರ ಅಂಗಡಿಯವರು ಕಳಿಸಿದ್ದು ಗುಂಟೂರು ಕಾಯಿ. ಬೆಳಗ್ಗೆಯಿಂದ ಅವ್ವ ಸೀನುತ್ತಲೇ ಇದ್ದಳು. ಕಾಯಿ ಬದಲಾಗಿತ್ತು, ಕೈಯ ರೂಢಿ ಬದಲಾಗಿರಲಿಲ್ಲ. ಆ ಬೆರಳಿನಲ್ಲೇ ಹತ್ತಿ ಹೊಸೆದಳು.

ಅಪ್ಪ ಎದ್ದ ರಭಸಕ್ಕೆ ಪಿನ್ನು ಅವ್ವನ ಕೈಯಲ್ಲಿ ಉಳಿಯಿತು, ಹತ್ತಿ ಒಳಗೆ ಉಳಿಯಿತು.

ಅಂಗಳದಲ್ಲಿ ಸುತ್ತು ಹಾಕುತ್ತ ಅಪ್ಪ ಬೈದ ಬೈಗಳನ್ನು ಇಲ್ಲಿ ಬರೆಯಲಾಗುವುದಿಲ್ಲ. ಪಕ್ಕದ ಮನೆಯ ಉಚ್ಚಂಗೆವ್ವ ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣೆಯ ಸೌಟು ಹಿಡಿದೇ ಓಡಿ ಬಂದಳು. ಎಣ್ಣೆಯಿಂದ ಇನ್ನೂ ಹೊಗೆ ಬರುತ್ತಿತ್ತು. ನಾನು ಬಾಗಿಲಿಗೆ ಅಡ್ಡ ನಿಂತೆ.

“ಸರೀಯೋ, ಎರಡು ಹನಿ ಬಿಟ್ರ ತಂಪಾಕ್ಕೈತಿ.”

“ಮೊದಲ ನಿನ್ನ ಕಿವಿಗೆ ಬಿಟ್ಕೊಂಡ ತೋರಸ, ಚಿಗವ್ವ.”

“ಮಂಗಳವ್ವಾ, ನಿನ್ನ ಮಗಾ ಅಪ್ಪನ ಕಿವಿಗೆ ಪೊಲೀಸ ನಿಂತಾನ ನೋಡು!”

ನಾನು ಸರಿಯಲಿಲ್ಲ. ನನ್ನ ಸಿಟ್ಟಿಗೆ ಓಣಿಯಲ್ಲಿ ಒಳ್ಳೆಯ ಹೆಸರಿಲ್ಲ. ಅವತ್ತು ಅದೇ ಕೆಲಸಕ್ಕೆ ಬಂತು.

ಮರುದಿನ ಬೆಳಗ್ಗೆ ಮೂವರೂ ರಾಣೆಬೆನ್ನೂರಿಗೆ ಹೋದೆವು. ಡಾಕ್ಟರು ಹೆಣ್ಣುಮಗಳು. ಲೈಟು ಹಿಡಿದು ಎರಡೂ ಕಿವಿ ನೋಡಿದರು. ಹಿಂದೆ ಎಂದಾದರೂ ಕಿವಿ ಸೋರಿತ್ತೇ, ತಲೆ ತಿರುಗಿತ್ತೇ, ಪರದೆ ತೂತು ಅಂತ ಯಾರಾದರೂ ಹೇಳಿದ್ದರೇ ಎಂದು ಜೋರಾಗಿ ಕೇಳಿದರು. ಅಪ್ಪ ಎಲ್ಲಕ್ಕೂ ಇಲ್ಲ ಎಂದ.

“ಎರಡೂ ಕಡೆ ಗುಗ್ಗೆ ಗಟ್ಟಿಯಾಗಿ ಕೂತೈತಿ. ಬಲಗಡೆ ಚರ್ಮ ಕೆಂಪಾಗೇತಿ. ಏನ್ ಹಾಕಿದ್ರಿ?”

ಅಪ್ಪ ಅವ್ವನ ಕಡೆ ನೋಡಿದ. ಅವ್ವ ತನ್ನ ಬೆರಳುಗಳ ಕಡೆ ನೋಡಿದಳು.

“ಗುಂಟೂರ ಕಾಯಿರಿ,” ಅಂದಳು.

ಡಾಕ್ಟರು ನಗಲಿಲ್ಲ. ಅದಕ್ಕೇ ನನಗೆ ಅವರ ಮೇಲೆ ಸ್ವಲ್ಪ ನಂಬಿಕೆ ಬಂತು. “ನೋಡವ್ವ, ಗುಗ್ಗೆ ಹೊಲಸಲ್ಲ. ಧೂಳು ಒಳಗ ಹೋಗಬಾರದಂತ ಕಿವೀನ ಅದನ್ನ ಮಾಡ್ಕೊಂತೈತಿ. ಹಳೇದಾದಂಗ ತಾನ ಹೊರಗ ನೂಕತೈತಿ. ನೀವು ಪಿನ್ನು, ಕಡ್ಡಿ, ಬೈಕಿನ ಕೀಲಿ ಹಾಕಿ ಅದನ್ನ ವಾಪಸ್ ಒಳಗ ತಳ್ಳತೀರಿ. ಜಲ್ಲಿ ಹಾಕಿ ಬಡದಂಗ ಬಿಗಿ ಆಗೇತಿ.”

ಅಪ್ಪನಿಗೆ ಜಲ್ಲಿ ಅನ್ನುವುದಷ್ಟೇ ಕೇಳಿರಬೇಕು, ತಲೆಯಾಡಿಸಿದ.

ಉರಿ ಇಳಿಯುವ ತನಕ ನೀರು ಹಾಯಿಸಿ ಗುಗ್ಗೆ, ಹತ್ತಿ ತೆಗೆಯಲು ಅವರು ಒಪ್ಪಲಿಲ್ಲ. ಗುಗ್ಗೆ ಮೆತ್ತಗಾಗಲು ಒಂದು ಔಷಧಿ, ಉರಿಗೆ ಇನ್ನೊಂದು. ಸೋಮವಾರ ಬರಬೇಕು. “ನಡುವ ಕಿವಿ ಇನ್ನೂ ಕಟ್ಟಿದಂಗ ಆಕ್ಕೈತಿ. ಗುಗ್ಗೆ ನೆನೆದು ಉಬ್ಬತೈತಿ, ಅದಕ್ಕ. ಹೆದರಬ್ಯಾಡ್ರಿ, ಕೆದರಬ್ಯಾಡ್ರಿ. ನೋವು ಜೋರಾದ್ರ, ಕೀವು ಬಂದ್ರ, ತಲಿ ತಿರುಗಿದ್ರ ಸೋಮವಾರದ ತನಕ ಕಾಯಬ್ಯಾಡ್ರಿ, ಬಂದಬಿಡ್ರಿ.”

ಹಾಗೆಯೇ ಆಯಿತು. ಹನಿ ಹಾಕಲು ಸುರು ಮಾಡಿ ಎರಡು ದಿನಕ್ಕೆ ಉರಿ ಹೋಯಿತು, ಇದ್ದ ಬದ್ದ ಕಿವಿಯೂ ಹೋಯಿತು. ಅಪ್ಪನಿಗೆ ತನ್ನ ಧ್ವನಿ ಮಾತ್ರ ತಲೆಯೊಳಗೆ ಗುಂಯ್ ಅನ್ನುತ್ತಿತ್ತಂತೆ. ರೊಟ್ಟಿ ಅಗಿದರೆ ಜಲ್ಲಿಯ ಮೇಲೆ ನಡೆದ ಹಾಗೆ ಸಪ್ಪಳ. ಓಣಿಗೆಲ್ಲ ಕೇಳುವಂತೆ ಒದರಿದ: “ಆ ಡಾಕ್ಟರ್ ಬಾಯಿ ನನ್ನ ಪೂರಾ ಕಿವುಡ ಮಾಡಿದ್ಲು! ಮೇಸ್ತ್ರಿ ಈಗ ನನ್ನ ಹಳಿ ಹತ್ರ ಬಿಡತಾನೇನು? ಪಿನ್ ತಾ!”

ಅವ್ವ ಅಳುತ್ತಿದ್ದಳು. ಅಳುತ್ತಲೇ ಕೈ ತೊಳೆದಳು. ಒಮ್ಮೆ ಸಾಬೂನು ಹಚ್ಚಿ, ಮತ್ತೆ ಎಣ್ಣೆ ಹಚ್ಚಿ, ಮತ್ತೆ ಸಾಬೂನು. ಆಮೇಲೆ ತಲೆಯಿಂದ ಪಿನ್ನು ತೆಗೆದಳು. ಅವಳ ಲೆಕ್ಕದಲ್ಲಿ ತಪ್ಪು ಖಾರದ್ದು, ಪಿನ್ನಿನದಲ್ಲ. ಕೈ ಸ್ವಚ್ಛವಾದರೆ ಮುಗಿಯಿತು.

ನಾನು ಪಿನ್ನು ಕಸಿದುಕೊಂಡೆ. ದೇವರ ಜಗಲಿಯ ಮೇಲಿನ ಕಡ್ಡಿಪೆಟ್ಟಿಗೆ, ಬೈಕಿನ ಕೀಲಿ, ಉಚ್ಚಂಗೆವ್ವನ ಮೊಮ್ಮಗಳು ತಂದುಕೊಟ್ಟಿದ್ದ ಹತ್ತಿ ಸುತ್ತಿದ ಕಡ್ಡಿಗಳ ಡಬ್ಬಿ, ಎಲ್ಲವನ್ನೂ ಚೀಲಕ್ಕೆ ಹಾಕಿ ಹೆಗಲಿಗೆ ಏರಿಸಿಕೊಂಡೆ. ಸೋಮವಾರದ ತನಕ ಆ ಚೀಲ ನನ್ನ ಹತ್ತಿರವೇ ಇತ್ತು. ಒಲೆ ಹಚ್ಚಬೇಕಾದರೂ ಅವ್ವ ನನ್ನನ್ನೇ ಕರೆಯಬೇಕು. ಅಪ್ಪ ನನ್ನ ಜೊತೆ ಮಾತು ಬಿಟ್ಟ. ಹೇಗೂ ನಾನು ಆಡಿದ್ದು ಅವನಿಗೆ ಕೇಳುತ್ತಿರಲಿಲ್ಲ, ದೊಡ್ಡ ಫರಕು ಬೀಳಲಿಲ್ಲ.

ಸೋಮವಾರ ಡಾಕ್ಟರು ಮತ್ತೆ ಲೈಟು ಹಾಕಿ ನೋಡಿ, ಉರಿ ಇಳಿದಿದೆ ಎಂದರು. ಮೈ ಬಿಸಿಯಷ್ಟೇ ಬೆಚ್ಚಗಿನ ನೀರು ತರಿಸಿದರು. ತಣ್ಣೀರಾದರೆ ತಲೆ ಸುತ್ತುತ್ತದಂತೆ. ಅಪ್ಪನ ಭುಜಕ್ಕೆ ಟವೆಲ್ ಹಾಕಿ, ಕಿವಿಯ ಕೆಳಗೆ ತಟ್ಟೆ ಹಿಡಿಯಲು ನನಗೆ ಕೊಟ್ಟರು. ದೊಡ್ಡ ಸಿರಿಂಜು, ಸೂಜಿ ಇಲ್ಲ. ಮೊದಲು ಬರೀ ನೀರು ಬಂತು. ಆಮೇಲೆ ಕೆಂಪು ಹತ್ತಿ. ಅದರ ಹಿಂದೆ ಹುಣಸೆಹಣ್ಣಿನ ಬಣ್ಣದ ಒಂದು ಗಂಟು. ಅದರ ಹಿಂದೆ ಇನ್ನೊಂದು ಹತ್ತಿ, ಕರ್ರಗೆ, ಯಾವ ಕಾಲದ್ದೋ.

ಅವ್ವ ತಟ್ಟೆಯೊಳಗೆ ಬಗ್ಗಿ ನೋಡಿದಳು. ತನ್ನ ಕೈಯ ಹೊಸೆತ ಅವಳಿಗೆ ಗುರುತು ಸಿಕ್ಕಿತು.

ಎರಡನೇ ಕಿವಿಯೂ ಆಯಿತು. ಡಾಕ್ಟರು ಒಳಗೆ ನೋಡಿ, “ಪರದೆ ಚಲೋ ಐತಿ. ಇನ್ನ ಮ್ಯಾಲೆ ಟವೆಲ್ ತುದಿಯಿಂದ ಹೊರಗಷ್ಟ ಒರಸ್ಕೋರಿ,” ಎಂದರು. ದನಿ ಏರಿಸಿರಲಿಲ್ಲ.

“ಹೂಂರಿ,” ಅಂದ ಅಪ್ಪ. ಆಮೇಲೆ ಮೇಲೆ ನೋಡಿ, “ಈ ಫ್ಯಾನ್ ಇಷ್ಟ ಸಪ್ಪಳ ಮಾಡತೈತೇನ್ರಿ?” ಎಂದ.

ಸಂಜೆ ಫಕ್ಕೀರಸಾಬ ಬಂದ. ಮಾತು ಮಾತೇ. ಅಪ್ಪನನ್ನು ಸ್ಟೇಷನ್ ಹಿಂದಿನ ಬಯಲಿಗೆ ಕರೆದುಕೊಂಡು ಹೋಗಿ, ಹಳಿಯ ಕಡೆ ಮುಖ ಮಾಡಿ ನಿಲ್ಲಿಸಿದ. ತಾನು ಹಿಂದೆ ಸರಿಯುತ್ತ ಸರಿಯುತ್ತ ಬೇವಿನ ಮರದ ತನಕ ಹೋದ. ಅವ್ವ ನನ್ನ ತೋಳು ಹಿಡಿದುಕೊಂಡಳು. ಅಪ್ಪ ಮುಷ್ಟಿ ಬಿಗಿದು ನಿಂತಿದ್ದ. ಫಕ್ಕೀರಸಾಬ ಸೀಟಿಯನ್ನು ಬಾಯಿಯ ಹತ್ತಿರ ತಂದ. ಊದಲಿಲ್ಲ. ಮೋಸ ಮಾಡಿ ಸುಮ್ಮನೆ ತಿರುಗುತ್ತಾನೇನೋ ಎಂದು ಕಾಯುತ್ತಿದ್ದ.

ಅಪ್ಪ ತಿರುಗಲಿಲ್ಲ.

“ಮೊದಲ ಎಲಿ ಉಗುಳಲೇ ಸಾಬಾ,” ಎಂದ, ಹಳಿಯ ಕಡೆಗೇ ನೋಡುತ್ತ. “ಎಮ್ಮಿ ಮೇದಂಗ ಅಗಿಯಾಕತ್ತಿ. ಸೀಟಿ ಹೆಂಗ ಊದತಿ?”

ಫಕ್ಕೀರಸಾಬನಿಗೆ ನಗು ಬಂದು, ಊದಿದರೆ ಸೀಟಿಯಿಂದ ಗಾಳಿಯಷ್ಟೇ ಬಂತು. ಅದಕ್ಕೂ ಅಪ್ಪ ತಿರುಗಿದ. ತಿರುಗಿದವನು ಹಳೇ ಚಟಕ್ಕೆ ಕಿರುಬೆರಳನ್ನು ಕಿವಿಗೆ ಒಯ್ದ.

“ಯಪ್ಪಾ!” ಅಂತ ನಾನು ಒದರಿದೆ.

“ಮೆತ್ತಗ ಅನ್ನಲೇ,” ಅಂದ ಅಪ್ಪ, ಕೈ ಇಳಿಸಿ. “ಕಿವುಡಾ ಏನ್ ನಾ?”