ಕೆಂಪು ಗಂಟಿನೊಳಗಿನ ಐರಿಶ್ ಹುಡುಗಿ

ಗಂಟು ಬಿಚ್ಚಿದೆ. ಒಳಗೆ ಪುರಾಣ ಇರಲಿಲ್ಲ, ಐರ್ಲೆಂಡಿನ ಕಾದಂಬರಿ ಇತ್ತು!

ಎದುರಿಗೆ ಅರ್ಧ ಅತನೂರು ಕೂತಿತ್ತು. ಶ್ರಾವಣದ ಸಂಜೆ ನಮ್ಮೂರ ಗುಡಿಯಲ್ಲಿ ಒಬ್ಬರು ಪುರಾಣದ ಪದ್ಯ ಓದುತ್ತಾರೆ, ಇನ್ನೊಬ್ಬರು ಅರ್ಥ ಹೇಳುತ್ತಾರೆ. ಮೂವತ್ತು ವರ್ಷ ಓದಿದ ಸಿದ್ದಲಿಂಗ ಕಾಕಾನ ಗಂಟಲು ಈ ಸಲ ಕಟ್ಟಿತ್ತು. ಅರ್ಥ ಹೇಳುವ ಚಂದ್ರಾಮಪ್ಪ ಮುತ್ಯಾ ಅವನ ಬದಲಿಗೆ ಓದಲು ನನ್ನ ಹೆಸರು ಹೇಳಿದ. ಕಾಕಾ ಒಡೆದ ದನಿಯಲ್ಲೇ ಎಲ್ಲರೆದುರು ಹೇಳಿಬಿಟ್ಟಿದ್ದ: "ಹೆಣ್ಣುಹುಡುಗ್ರಿಗೆ ಎಂದೂ ಓದಾಕ ಕೊಟ್ಟಿಲ್ಲ. ಇವತ್ತೊಂದಿನ ನೋಡೂಣು. ತಪ್ಪಿದ್ಲಂದ್ರ ಮುಂದ ಯಾರೂ ಕೇಳಬ್ಯಾಡ್ರಿ."

ತಪ್ಪು ನನ್ನದೇ. ಕಾದಂಬರಿ ನಾನು ಓದುವ ಅಫಜಲಪುರದ ಕಾಲೇಜು ಲೈಬ್ರರಿಯದು, ನೂರು ವರ್ಷಕ್ಕಿಂತ ಹಳೆಯದು, ಹೊಲಿಗೆ ಬಿಚ್ಚಿ ಹಾಳೆ ಉದುರುತ್ತಿದ್ದವು. ರೂಢಿ ಮಾಡಿಕೊಳ್ಳಲು ಮನೆಗೆ ತಂದಿದ್ದ ಪುರಾಣಕ್ಕೆ ಕೆಂಪು ಬಟ್ಟೆ ಸುತ್ತಿತ್ತು. ಇದಕ್ಕೂ ಅಂಥದ್ದೇ ತುಂಡು ಸುತ್ತಿ, ಎರಡನ್ನೂ ಒಂದೇ ಕಪಾಟಿನಲ್ಲಿ ಇಟ್ಟಿದ್ದೆ.

"ಓದವ್ವ ವಿಜಯಶ್ರೀ," ಎಂದ ಮುತ್ಯಾ.

ವಾರವಿಡೀ ಉರು ಹಾಕಿದ ಪದ್ಯ ಒಂದೂ ನೆನಪಾಗಲಿಲ್ಲ! ನೆನಪಿದ್ದದ್ದು ಮಧ್ಯಾಹ್ನ ಓದುತ್ತ ಊಟ ಮರೆತ ಆ ಪುಟ ಮಾತ್ರ. ಅದೇ ಬಾಯಿಗೆ ಬಂತು.

"ಒಬ್ಬಾಕಿ ಹುಡುಗಿ ಮನ್ಯಾಗ ಒಬ್ಬಾಕಿನ ಇದ್ಲರಿ. ಮನಿ ಬಿಡಸಾಕ ಜಮೀನ್ದಾರನ ಮಂದಿ ಬಂದಿದ್ರು. ಒಳಗ ಅಗಳಿ ಹಾಕ್ಯಾಳ. ಹೊರಗ ಧಡಧಡ ಬಾಗಿಲಾ ಬಡ್ಯಾಕತ್ಯಾರ..."

ಹೆಂಗಸರ ಸಾಲಿನಲ್ಲಿ ಬಳೆ ಸದ್ದು ನಿಂತಿತು. ಕಾಕಾ ಎದ್ದು ನಿಂತ.

"ಇದ್ಯಾವ ಅಧ್ಯಾಯಬೇ?"

"ದೃಷ್ಟಾಂತ ಹೇಳಾಕತ್ಯಾಳ, ಕುಂಡ್ರೋ ಸಿದ್ದಲಿಂಗಾ," ಎಂದು ಮುತ್ಯಾ ನನ್ನನ್ನು ಉಳಿಸಲು ನೋಡಿದ.

"ದೃಷ್ಟಾಂತ ಹೇಳೋದು ನಿನ್ನ ಕೆಲಸ, ಆಕೀದಲ್ಲ. ತಾ ಇಲ್ಲಿ ಆ ಪುಸ್ತಕ."

ಹೌದೆಂದುಬಿಟ್ಟರೆ? ಮುತ್ಯಾನ ಮಾತಿನ ಹಿಂದೆ ಅಡಗಿಬಿಟ್ಟರೆ? ಆದರೆ ಪುಸ್ತಕ ಆಗಲೇ ಕಾಕಾನ ಕೈಯಲ್ಲಿತ್ತು.

"ಇಂಗ್ಲಿಷ್!" ಎಂದ. ಗುಡಿಯೆಲ್ಲ ಗುಜುಗುಜು.

"ತಪ್ಪಾತ್ರಿ ಕಾಕಾ," ಎಂದೆ. "ಗಂಟು ಅದಲಬದಲ ಆತು. ಅಂಜಿ ಬಾಯಿಗಿ ಬಂದಿದ್ದು ಹೇಳೇನಿ. ದೃಷ್ಟಾಂತಲ್ಲ, ಏನಲ್ಲ. ಈಗ ಓಡಿಹೋಗಿ ಪುರಾಣ ತರ್ತೇನಿ."

ನಾನು ಬರಿಗಾಲಲ್ಲೇ ಎರಡು ಓಣಿ ಓಡಿದೆ. ಮರಳಿದಾಗ ಯಾರೂ ಎದ್ದು ಹೋಗಿರಲಿಲ್ಲ. ಓದಿದೆ. ಮೊದಲ ಪದ್ಯದಲ್ಲಿ ದನಿ ಎರಡು ಸಲ ಮುರಿಯಿತು. ಕಾಕಾ ಕಾದಂಬರಿಯನ್ನು ತೊಡೆಯ ಮೇಲಿಟ್ಟುಕೊಂಡು ಕಣ್ಣುಮುಚ್ಚಿ ಕೂತಿದ್ದ. ಪ್ರತಿ ಸಾಲಿಗೂ ಅವನ ತುಟಿ ಅಲುಗುತ್ತಿತ್ತು.

ಮಂಗಳಾರತಿ ಆಯಿತು. ಕಾಕಾ ಕಾದಂಬರಿ ನನ್ನ ಕೈಗಿಟ್ಟ. ಈಗ ಹೇಳುತ್ತಾನೆ, ಮುಗಿಯಿತು.

"ನಾಳಿ ಮನ್ಯಾಗ ಗಂಟು ಬಿಚ್ಚಿ ನೋಡಿ ತಗೊಂಬಾ," ಎಂದ.

ನಾಳಿ! ಉಸಿರು ಬಿಡುವಷ್ಟರಲ್ಲಿ ಸೆರಗು ಯಾರೋ ಎಳೆದರು. ಕಂಬದ ಪಕ್ಕ ಕೂತಿದ್ದ ಮುದುಕಿ ಮಲ್ಕಮ್ಮ.

"ಆ ಹುಡುಗಿ ಬಾಗಿಲಾ ತೆಗದ್ಲೇನವ್ವಾ?"

ಕಾಕಾ ಒಂದು ಚಪ್ಪಲಿ ಮೆಟ್ಟಿ ಹಾಗೇ ನಿಂತ.

"ಇನ್ನಾ ಓದಿಲ್ಲಬೇ ಆಯಿ. ಮುಂದಿನ ಹಾಳಿ ತಿರುವಾಕ ಅಂಜಿಕಿ ಆಗ್ಯದ."

"ನೀ ಅಂಜಿ ಕುಂತ್ರ ಹ್ಯಾಂಗ?" ಮಲ್ಕಮ್ಮ ಗದರಿದಳು. "ಅಲ್ಲಿ ಅವ್ರು ಇನ್ನಾ ಬಡ್ಯಾಕತ್ಯಾರಲ್ಲ!"