ಎರಡನೆಯ ಸೂಜಿ

ನನ್ನ ಮಗಳು ಡಾಕ್ಟರ್ ಅನಸೂಯ ತೀರಿಹೋದ ಸುದ್ದಿ ನನಗೆ ತಿಳಿದದ್ದು ಏಕಾದಶಿಯ ದಿನ, ಬೆಳಿಗ್ಗೆ ಹನ್ನೊಂದು ಗಂಟೆಗೆ. ದೇವರ ಮುಂದೆ ಕೂತು ಜಪಮಾಲೆ ಹಿಡಿದಿದ್ದೆ. ಫೋನ್ ಮೂರು ಸಲ ಬಡಿದುಕೊಂಡಿತು. ಜಪದ ನಡುವೆ ಏಳುವುದಿಲ್ಲವೆಂಬ ನೇಮವನ್ನು ಅಂದೂ ಮುರಿಯಲಿಲ್ಲ. ಜಪ ಮುಗಿಸಿ ನಾಲ್ಕನೆಯ ಸಲ ಎತ್ತಿದಾಗ ಅವಳ ಆಸ್ಪತ್ರೆಯ ನರ್ಸ್ ಯಶಿಕಾ ಅಳುತ್ತಿದ್ದಳು. ಕಾಮಠಿಯ ಮಿಲಿಟರಿ ಲೈನಿನಲ್ಲಿ ಬೆಳೆದ ಕನ್ನಡದ ಹುಡುಗಿ.

"ಕಾಕಾ, ಜಲ್ದಿ ಬರ್ರಿ. ಮ್ಯಾಡಮ್‌ಗೆ ಹೊಡದಾರ."

ಸದರ್ ಬಡಾವಣೆಯ ಆ ಸಣ್ಣ ನರ್ಸಿಂಗ್ ಹೋಮ್‌ಗೆ ಆಟೋದಲ್ಲಿ ಹತ್ತು ನಿಮಿಷ. ನಾನು ಮುಟ್ಟುವಷ್ಟರಲ್ಲಿ ಅವಳ ಮುಖಕ್ಕೆ ಬಟ್ಟೆ ಹೊದಿಸಿದ್ದರು. ಸರಿಸಿದೆ. ಎಡಗಿವಿಯ ಮೇಲೆ ತಲೆಬುರುಡೆ ಒಳಗೆ ಕುಸಿದಿತ್ತು. ಸಲೈನ್ ಬಾಟಲಿ ತೂಗುಹಾಕುವ ಕಬ್ಬಿಣದ ಕಂಬ ಬಾಗಿ ಗೋಡೆಯ ಬಳಿ ಬಿದ್ದಿತ್ತು. ಅದರ ಕೊಕ್ಕೆಗೆ ಅವಳ ಕೂದಲು ಅಂಟಿಕೊಂಡಿತ್ತು. ಮೂವತ್ತು ವರ್ಷ ಮಿಲಿಟರಿ ಆಸ್ಪತ್ರೆಯಲ್ಲಿ ಕಂಪೌಂಡರ್ ಆಗಿದ್ದವನು ನಾನು, ಗಾಯ ಕಂಡು ಹೆದರಿದವನಲ್ಲ. ಅಂದು ಆ ಕೂದಲನ್ನು ಬಿಡಿಸುತ್ತ ನೆಲದಲ್ಲಿ ಕೂತುಬಿಟ್ಟೆ.

ನಡೆದದ್ದನ್ನು ಯಶಿಕಾ ಹೇಳಿದಳು.

ಮಹಾಲ್ ಪೇಟೆಯಲ್ಲಿ ಹಿತ್ತಾಳೆ ಪಾತ್ರೆಯ ಅಂಗಡಿ ಇಟ್ಟಿದ್ದ ಬಾಬುರಾವ್ ಎಂಬ ಮುದುಕನಿಗೆ ಬೆನ್ನುಮೂಳೆಗೆ ಹಬ್ಬಿದ ಕ್ಯಾನ್ಸರ್. ನೋವಿಗೆಂದು ಬೇರೊಬ್ಬ ಡಾಕ್ಟರು ಅಫೀಮಿನ ಜಾತಿಯ ಮದ್ದು ಸವರಿದ ಅಂಟುಪಟ್ಟಿ ಬರೆದುಕೊಟ್ಟಿದ್ದರು. ಮೂರು ದಿನಕ್ಕೆ ಒಂದು, ಎದೆಯ ಮೇಲೆ ಅಂಟಿಸಬೇಕು. ಮದ್ದು ಚರ್ಮದೊಳಗೆ ಇಳಿದು, ಅಲ್ಲಿ ತುಂಬಿ, ರಕ್ತಕ್ಕೆ ಸೇರಲು ಅರ್ಧ ದಿನವಾದರೂ ಬೇಕು. ಮಗ ಉದಯ್‌ಗೆ ಅಷ್ಟು ತಾಳ್ಮೆಯಿರಲಿಲ್ಲ. ಇದೂ ಅಂಗಡಿಯ ಸೊಂಟನೋವಿನ ಪಟ್ಟಿಯಂತೆಯೇ ಎಂದುಕೊಂಡು, ನೋವಿದ್ದ ಬೆನ್ನಿಗೆ ಮೂರನ್ನು ಅಂಟಿಸಿ, ಮೇಲೆ ಬಿಸಿನೀರಿನ ಚೀಲ ಇಟ್ಟ. ಶಾಖಕ್ಕೆ ಮದ್ದು ರಕ್ತಕ್ಕೆ ನುಗ್ಗಿತು. ಬೆಳಿಗ್ಗೆ ಮುದುಕನ ತುಟಿ ನೀಲಿಯಾಗಿತ್ತು, ಉಸಿರು ನಿಮಿಷಕ್ಕೆ ನಾಲ್ಕು. ಮನೆಯವರು ಅವನನ್ನು ಅನಸೂಯಳ ನರ್ಸಿಂಗ್ ಹೋಮ್‌ಗೆ ಹೊತ್ತು ತಂದರು.

ಅನಸೂಯ ಪಟ್ಟಿಗಳನ್ನು ಕಿತ್ತು, ಬೆನ್ನು ಒರೆಸಿ, ಪ್ರತಿಮದ್ದಿನ ಸೂಜಿ ಚುಚ್ಚಿದಳು.

ಆ ಪ್ರತಿಮದ್ದಿನ ಕೆಲಸವನ್ನು ಅವಳು ಒಮ್ಮೆ ಊಟದ ಹೊತ್ತಿನಲ್ಲಿ ನನಗೆ ತಿಳಿಸಿದ್ದಳು. ನಾನು ನೌಕರಿಯುದ್ದಕ್ಕೂ ಎಲ್ಲರಿಗೂ ಒಂದೇ ಕೆಂಪು ಮಿಕ್ಸ್‌ಚರ್ ಕೊಟ್ಟವನೆಂದು ಅವಳಿಗೆ ನಗೆ.

"ಅಪ್ಪಾ, ನಿಮ್ಮ ಕೆಂಪು ನೀರಿಗೆ ಸಿಪಾಯಿಗಳು ಹೆಂಗ ಆರಾಮ ಆದ್ರೋ ಆ ವಿಠ್ಠಲನಿಗೇ ಗೊತ್ತು."

"ಹೆದರಿ ಆರಾಮ ಆಗ್ತಿದ್ರವ್ವಾ. ನೀ ಮುಂದ ಹೇಳು."

"ಮೈಯೊಳಗ ಪಂಕ್ತಿ ಹಾಕ್ಯಾರ ಅಂತ ತಿಳೀರಿ. ಅಫೀಮು ಬಂದು ಮಣೆ ಮ್ಯಾಲೆ ಕೂತು ಉಣ್ತದ. ಉಂಡಷ್ಟೂ ನೋವು ಅಡಗ್ತದ, ಹೆಚ್ಚು ಉಂಡ್ರ ಉಸಿರೂ ಅಡಗ್ತದ. ಪ್ರತಿಮದ್ದು ಅದನ್ನ ತಳ್ಳಿ ತಾನು ಕೂಡ್ತದ. ಆದ್ರ ಉಣ್ಣಂಗಿಲ್ಲ. ಬರೇ ಜಾಗಾ ಹಿಡೀತದ."

"ಏಕಾದಶಿ ಮಂದಿ ಅನ್ನು."

"ಬರೋಬರ್! ಆದ್ರ ಜಲ್ದಿ ಎದ್ದು ಹೋಗ್ತದ, ಒಂದು ತಾಸಿನೊಳಗ. ಬಾಗಲದಾಗ ನಿಂತಿದ್ದ ಅಫೀಮು ಮತ್ತ ಬಂದು ಕೂತ್ರ?"

"ಇನ್ನೊಬ್ಬ ಏಕಾದಶಿಯವನ್ನ ಕರೀಬೇಕು."

"ಅದೇ ಎರಡನೇ ಸೂಜಿ."

ಸೂಜಿ ಚುಚ್ಚಿದ ಎರಡು ನಿಮಿಷಕ್ಕೆ ಮುದುಕ ಉಸಿರೆಳೆದ. ಅದರೊಡನೆ, ಅಡಗಿದ್ದ ನೋವೆಲ್ಲ ಒಮ್ಮೆಗೇ ಬಂದಿತು. ಮೈಮೇಲೆ ಕುದಿಯುವ ಎಣ್ಣೆ ಸುರಿದಂತೆ ಮಂಚದಿಂದೆದ್ದು ಕಿರುಚಿದನಂತೆ. ವಾಂತಿ ಮಾಡಿಕೊಂಡ. ಹಿಡಿಯಲು ಹೋದ ಯಶಿಕಾಳ ತೋಳನ್ನು ರಕ್ತ ಬರುವಂತೆ ಕಚ್ಚಿದ.

"ತಣ್ಣಗೆ ಮಲಗಿದ್ದ ನನ್ನ ಬಾಪನಿಗೆ ಏನು ಚುಚ್ಚಿದಿ?" ಎಂದು ಉದಯ್ ಕೂಗಿದ.

"ಮಲಗಿರಲಿಲ್ಲ, ಸಾಯುತ್ತಿದ್ದರು. ಬೆನ್ನಲ್ಲಿ ಇನ್ನೂ ಮದ್ದಿದೆ. ಅರ್ಧ ತಾಸಿಗೆ ಮತ್ತೆ ಸೂಜಿ ಕೊಡಬೇಕು," ಎಂದಳು ಅನಸೂಯ.

ಮತ್ತೆ ಸೂಜಿ ಎಂದ ಮಾತಿಗೆ ಅವನು ಅವಳ ಕೆನ್ನೆಗೆ ಬಾರಿಸಿದ. ಜಡೆ ಹಿಡಿದೆಳೆದು ಹಣೆಯನ್ನು ಬೇಸಿನ್ನಿಗೆ ಅಪ್ಪಳಿಸಿದ. ಎದ್ದು ನಿಂತು ಮತ್ತೆ ಮಂಚದ ಕಡೆ ಹೊರಟವಳನ್ನು ಕಂಬದಿಂದ ಹೊಡೆದ. ಬಿದ್ದ ಮೇಲೂ ಎರಡು ಸಲ ಹೊಡೆದ. ಕಾವಲುಗಾರ ಓಡಿಹೋಗಿದ್ದ.

"ನೆಲದಾಗ ಬಿದ್ದಿದ್ರು ಕಾಕಾ, ಬಾಯಿತುಂಬ ರಕ್ತ," ಎಂದಳು ಯಶಿಕಾ. "ಗಡಿಯಾರ ನೋಡು ಅಂದ್ರು. ಹತ್ತೂವರಿಗೆ ಎರಡನೇ ಸೂಜಿ, ಅಜ್ಜಾರನ್ನ ಬಿಡಬ್ಯಾಡ ಅಂದ್ರು. ಆಮ್ಯಾಲೆ ಮಾತಿಲ್ಲ."

ಓಡಿ ಬಂದ ಜನ ಉದಯ್‌ನನ್ನು ಹಿಡಿದುಕೊಂಡರು. ಹತ್ತೂವರೆಯ ಹೊತ್ತಿಗೆ ಮುದುಕನ ತುಟಿ ಮತ್ತೆ ನೀಲಿಗಟ್ಟಿತ್ತು. ಯಶಿಕಾ ಕಚ್ಚಿಸಿಕೊಂಡ ಕೈಯಿಂದಲೇ ಎರಡನೆಯ ಸೂಜಿ ಕೊಟ್ಟಳು, ಆಮೇಲೆ ಮೂರನೆಯದನ್ನೂ. ಮುದುಕ ಬದುಕಿದ. ಮಗನನ್ನು ಪೊಲೀಸರು ಒಯ್ದರು.

ಹತ್ತನೆಯ ದಿನ ಕನ್ಹಾನ್ ನದಿಯ ದಂಡೆಯಲ್ಲಿ ಪಿಂಡ ಇಟ್ಟೆ. ಕಾಗೆಗಳು ಸಾಲಾಗಿ ಕೂತಿದ್ದವು, ಒಂದೂ ಮುಟ್ಟಲಿಲ್ಲ. ಏನೋ ಆಸೆ ಉಳಿದಿದೆ, ಮಾತು ಕೊಡಿ ಎಂದರು ಪುರೋಹಿತರು. ನನ್ನ ಹೆಂಡತಿ ವೇದವತಿ ತಾನು ಬಲ್ಲ ಮಾತನ್ನೆಲ್ಲ ಕೊಟ್ಟಳು. ಕಾಗೆ ಕದಲಲಿಲ್ಲ.

ಯಶಿಕಾ ಹಿಂದಿನಿಂದ ಮೆಲ್ಲಗೆ, "ಕಾಕಾ, ಅಜ್ಜಾರನ್ನ ಬಿಡಬ್ಯಾಡ ಅಂದಿದ್ರು," ಎಂದಳು.

ಅದು ನನಗೂ ಗೊತ್ತಿತ್ತು. ಆಸ್ಪತ್ರೆಯವರು ಮುದುಕನಿಗೆ ಕಡಿಮೆ ಬಲದ ಹೊಸ ಪಟ್ಟಿ ಬರೆದು ಮನೆಗೆ ಕಳಿಸಿದ್ದರು. ಅದನ್ನು ಮುಟ್ಟಲು ಮನೆಯಲ್ಲಿ ಯಾರಿಗೂ ಧೈರ್ಯವಿಲ್ಲ, ನೀವು ಮದ್ದು ಬಲ್ಲವರು, ಒಮ್ಮೆ ಬನ್ನಿ ಎಂದು ಅವನ ಸೊಸೆ ಯಶಿಕಾಳ ಕೈಯಲ್ಲಿ ಎರಡು ಸಲ ಹೇಳಿಕಳಿಸಿದ್ದಳು. ಕಿರುಚಲಿ ಎಂದು ಹೇಳಿಕಳಿಸಿದ್ದೆ. ದಂಡೆಯಲ್ಲಿಯೂ ನಾನು ಮಾತು ಕೊಡಲಿಲ್ಲ. ದರ್ಭೆಯ ಕಾಗೆ ಮಾಡಿ ಪಿಂಡಕ್ಕೆ ಮುಟ್ಟಿಸಿ ಎದ್ದೆವು. ಅಂದಿನಿಂದ ಮಗಳ ಶಾಂತಿಗೆ ಪ್ರಾರ್ಥಿಸಲು ಕೂತರೆ ಬಾಯಿ ತೆರೆಯದಾಯಿತು.

ಹದಿನಾಲ್ಕನೆಯ ದಿನ ಮಹಾಲ್‌ಗೆ ಹೋದೆ. ಒಳ್ಳೆಯ ಮನಸ್ಸಿನಿಂದ ಹೋಗಲಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಪೆಟ್ಟಿಗೆಯಲ್ಲಿ ಐದು ಪಟ್ಟಿಗಳಿರುತ್ತವೆ. ಐದೂ ಒಟ್ಟಿಗೆ ಏನು ಮಾಡಬಲ್ಲವೆಂದು ನನಗೆ ತಿಳಿದಿತ್ತು.

ಕಿರುಚಾಟ ಗಲ್ಲಿಯ ತಿರುವಿಗೇ ಕೇಳುತ್ತಿತ್ತು. ಸೊಸೆ ನನ್ನನ್ನು ಕಂಡು ಪೆಟ್ಟಿಗೆ ಕೊಟ್ಟು ಬಾಗಿಲಿಗೆ ಸರಿದಳು. ಮುದುಕ ಹಾಸಿಗೆಯ ಬಟ್ಟೆಯನ್ನು ಕಚ್ಚಿ ಹರಿದಿದ್ದ.

"ಡಾಕ್ಟರೇನು?" ಎಂದ ಮರಾಠಿಯಲ್ಲಿ.

"ಅಲ್ಲ. ಕಂಪೌಂಡರ್."

"ಹಾಗಾದರೆ ಕೈ ಧಾರಾಳ ಇರುತ್ತದೆ." ನಗಲು ಹೋಗಿ ನರಳಿದ. ಆಮೇಲೆ ನನ್ನ ಬೋಳಿಸಿದ ತಲೆಯನ್ನು ನೋಡಿದ. "ನೀವು ಆ ಡಾಕ್ಟರ್ ಬಾಯಿಯವರ ತಂದೆ."

"ಹೌದು."

"ಎಲ್ಲವನ್ನೂ ಅಂಟಿಸಿಬಿಡಿ ಭಾವೂ. ನನ್ನ ಮಗ ನಿಮ್ಮ ಮಗಳನ್ನು ಕೊಂದ. ನೀವು ನನ್ನನ್ನು ಕೊಲ್ಲಿ. ನಾನು ಯಾರಿಗೂ ಹೇಳುವುದಿಲ್ಲ."

ಮೂರು ಪೊಟ್ಟಣ ಹರಿದೆ. ಬಿಸಿನೀರಿನ ಚೀಲ ಮೊಳೆಗೆ ತೂಗುತ್ತಿತ್ತು. ಆ ಕಂಬದ ಕೊಕ್ಕೆಗೆ ಅಂಟಿದ್ದ ಕೂದಲು ಕಣ್ಣ ಮುಂದೆ ಬಂತು. ಪಟ್ಟಿ ಹಿಡಿದ ಕೈ ಅವನ ಬೆನ್ನಿನವರೆಗೂ ಹೋಯಿತು. ಅಲ್ಲಿ ಹಳೆಯ ಮೂರು ಪಟ್ಟಿಗಳನ್ನು ಕಿತ್ತ ಕಡೆ ಚರ್ಮ ಚೌಕಾಕಾರವಾಗಿ ಕೆಂಪಾಗಿ ಸುಲಿದಿತ್ತು. ಅವಸರದಲ್ಲಿ ಕಿತ್ತ ಗುರುತು. ಇವನು ಸಾಯಬಾರದೆಂದು ನನ್ನ ಮಗಳ ಉಗುರು ಮಾಡಿದ ಗುರುತು.

ಮೊಳೆಯಿಂದ ಚೀಲ ಕಿತ್ತು, ಕಿಟಕಿಯಲ್ಲಿದ್ದ ಕತ್ತರಿ ತೆಗೆದುಕೊಂಡು ಅದನ್ನು ಇರಿದೆ. ಕೈ ಸೋಲುವವರೆಗೂ ಇರಿದೆ. ಸೊಸೆ ಚೀರಿದಳು. ಮುದುಕ ಕಣ್ಣು ಮುಚ್ಚಿದ್ದ.

ಆಮೇಲೆ ಅವನ ಎದೆ ಒರೆಸಿ ಒಂದೇ ಪಟ್ಟಿ ಅಂಟಿಸಿದೆ. ಮೇಲೆ ಪೆನ್ನಿನಿಂದ ತಾರೀಖು ಬರೆದೆ. ಹರಿದ ಎರಡನ್ನು ಮಡಚಿ ಹಾಳುಮಾಡಿದೆ. "ರಾತ್ರಿಯವರೆಗೂ ನೋವು ಇಳಿಯುವುದಿಲ್ಲ. ಕಿರುಚಿದರೆಂದು ಇನ್ನೊಂದು ಅಂಟಿಸಬೇಡ. ಶಾಖ ಕೊಡಬೇಡ. ಮೂರನೆಯ ದಿನ ನಾನೇ ಬರುತ್ತೇನೆ," ಎಂದೆ ಸೊಸೆಗೆ.

ನಾನು ಏಳಲಿಲ್ಲ. ಅವನು ನನ್ನ ಮಣಿಕಟ್ಟು ಹಿಡಿದು ಹಿಂಡುತ್ತ ಕಿರುಚುತ್ತಿದ್ದ. ಇನ್ನೊಂದು ಕೈಯ ಜಪಮಾಲೆಯಲ್ಲಿ ನಾನು ಅವನ ಉಸಿರು ಎಣಿಸುತ್ತಿದ್ದೆ. ದೀಪ ಹಚ್ಚಿ ಬಹಳ ಹೊತ್ತಾದ ಮೇಲೆ ಹಿಡಿತ ಸಡಿಲಿತು. ನಿಮಿಷಕ್ಕೆ ಹದಿನಾಲ್ಕು. ನಿದ್ದೆ ಬಂದಿತ್ತು. ಆಗ ನನ್ನ ಬಾಯಿ ತೆರೆಯಿತು.

ವಿಠ್ಠಲಾ, ನನ್ನ ಮಗಳ ಎಡಗಿವಿಯ ಮೇಲೆ ನಿನ್ನ ಕೈ ಇಡು. ಅಲ್ಲಿ ಇನ್ನು ನೋವಿಲ್ಲದಿರಲಿ. ಅವಳಿಗಾಗಿ ಕರೆ ಬಂದಾಗ ನಾನು ಜಪ ಬಿಟ್ಟು ಏಳಲಿಲ್ಲ, ನೀನಾದರೂ ಏಳು. ನಿನ್ನ ಪಂಕ್ತಿಯಲ್ಲಿ ಅವಳಿಗೊಂದು ಮಣೆ ಹಾಕು. ಅಲ್ಲಿಂದ ಅವಳನ್ನು ಯಾರೂ ಎಬ್ಬಿಸದಿರಲಿ.