ಅಡೋಲ್ಫಾಸನ ಎಲೆಗಳು

ಶವಪೆಟ್ಟಿಗೆ ಹೊಸ್ತಿಲು ದಾಟುವಾಗ ಕಜೀಸ್, "ಮೆಲ್ಲಗೆ, ಕಾಲಿನ ಕಡೆ ಮೊದಲು," ಎಂದ. ಅವನ ಅಣ್ಣ ಅಡೋಲ್ಫಾಸ್ ಇಷ್ಟು ಹಗುರವಾಗಿರುತ್ತಾನೆಂದು ಹೊತ್ತವರಾರೂ ಎಣಿಸಿರಲಿಲ್ಲ. ರೈಲ್ವೆ ಗೇಟು ಕಾದ ಗಟ್ಟಿ ಆಳು ಅವನು.

"ಅಂಗಳ ಗುಡ್ಸಿದ್ದು ಒಳ್ಳೇದಾಯ್ತು ಅತ್ತಿಗೆ. ಇಲ್ದಿದ್ರೆ ಎಲೆ ಮೇಲೆ ಜಾರಿ ನಾವೂ ಅವನ ಜೊತೆಗೇ ಹೋಗ್ತಿದ್ವಿ."

ಯಾರೋ ನಕ್ಕರು. ಮೋರ್ತಾ ನಗಲಿಲ್ಲ. ಗಂಡ ಸತ್ತ ದಿನವೇ ಓಕ್ ಮರದಡಿಯ ಎಲೆಗಳನ್ನೆಲ್ಲ ಗುಡ್ಡೆ ಹಾಕಿ ಸುಟ್ಟಿದ್ದಳು.

*

ಮದುವೆಯಾದ ವರ್ಷದ ನವೆಂಬರಿನಲ್ಲಿ ಅಡೋಲ್ಫಾಸ್ ಅವಳಿಗೆ ಉದುರಿದ ಎಲೆಯೊಂದನ್ನು ತಂದು ತೋರಿಸಿದ್ದ. ಎಲೆಯೆಲ್ಲ ಕಂದು, ನರಗಳ ಸಂದಿಯಲ್ಲಿ ಮಾತ್ರ ಉಗುರಿನಷ್ಟು ಹಸಿರು. ಆ ಹಸಿರಿನೊಳಗೆ ಕೂದಲೆಳೆಯಂಥ ಹುಳು.

"ಮರ ಕೈಬಿಟ್ಟಿದೆ. ಇದಿನ್ನೂ ತಿಂತಾ ಇದೆ ನೋಡು. ಇದಿರೋ ಕಡೆ ಎಲೆ ಸಾಯಲ್ಲ."

"ಆಮೇಲೆ?"

"ಮಣ್ಣಿಗಿಳಿಯುತ್ತೆ. ಜೂನಲ್ಲಿ ಪತಂಗ ಆಗುತ್ತೆ, ಇಷ್ಟೇ ಇಷ್ಟು."

"ಅಷ್ಟಕ್ಕೆ ನಾನು ಗುಡಿಸ್ಬಾರ್ದಾ?"

ಮೂವತ್ತೊಂದು ವರ್ಷ ಅವಳು ಗುಡಿಸಲಿಲ್ಲ. ಸೋಮಾರಿ ಎಂದು ನೆರೆಯವರು ಆಡಿಕೊಂಡದ್ದನ್ನು ನುಂಗಿಕೊಂಡಳು. ಈ ಸಲ ಹಾಸಿಗೆ ಹಿಡಿದವನು ಅವಳ ಹೆಸರನ್ನೇ ಮರೆತ. "ಎಲೆ ಹಾಗೇ ಇವೆಯಾ?" ಎಂದು ಕೇಳುವುದನ್ನು ಮಾತ್ರ ಕೊನೆಯವರೆಗೂ ಮರೆಯಲಿಲ್ಲ.

*

ಸ್ಮಶಾನದಿಂದ ಮರಳಿ ಎಲ್ಲರೂ ಬೀಟ್ರೂಟ್ ಸಾರಿಗೆ ಕುಳಿತರು. ರಾಜಧಾನಿ ವಿಲ್ನಿಯಸ್‌ನಿಂದ ಬಂದಿದ್ದ ಹೆಂಗಸೊಬ್ಬಳು ಮೋರ್ತಾಳನ್ನು ಅಂಗಳಕ್ಕೆ ಕರೆದಳು. ಹೆಸರು ನಿಯೋಲೆ, ಕೀಟಗಳ ಅಭ್ಯಾಸ ಮಾಡುವವಳು. ಅಡೋಲ್ಫಾಸ್ ವರ್ಷವೂ ಅವಳಿಗೆ ಎಲೆಗಳ ಪೊಟ್ಟಣ ಕಳಿಸುತ್ತಿದ್ದ.

"ಆ ಹುಳುವಿನ ಜಾತಿ ನಮಗೆ ಸಿಕ್ಕಿರೋದು ನಿಮ್ಮ ಮರದಡಿ ಮಾತ್ರ. ಈ ವರ್ಷ ಪೊಟ್ಟಣ ಬರ್ಲಿಲ್ಲ. ಒಂದಷ್ಟು ಎಲೆ ಆರಿಸ್ಕೊಳ್ಳಲಾ?"

"ಸುಟ್ಟೆ."

"ಎಲ್ಲಾನೂ?"

"ಎಲ್ಲಾನೂ. ಬೇಕಂತಲೇ ಸುಟ್ಟೆ."

ನಿಯೋಲೆ ಬಾಗಿ ಬರಿಯ ನೆಲವನ್ನು ಬೆರಳಿನಿಂದ ಕೆದಕಿದಳು. ಆಮೇಲೆ ತಲೆಯೆತ್ತಿ, "ಕೊಂಬೆ ಮೇಲೆ ಇನ್ನೂ ಕೆಲವಿವೆ," ಎಂದಳು. ದನಿಯಲ್ಲಿ ನಂಬಿಕೆಯಿರಲಿಲ್ಲ.

ಕಜೀಸ್ ಬಾಗಿಲಿಗೆ ಬಂದ. "ಸಾರು ಆರ್ತಾ ಇದೆ ಅತ್ತಿಗೆ."

"ಏಣಿ ತಾ."

"ಈಗಲಾ? ಜನ ಏನಂತಾರೆ?"

"ಮೂವತ್ತೊಂದು ವರ್ಷದಿಂದ ಅಂತಾನೇ ಇದ್ದಾರೆ. ತಾ."

ಅವನು ತಂದು ಕೊಂಬೆಗೆ ಆನಿಸಿ ಹಿಡಿದ. ಮೋರ್ತಾ ಹತ್ತಿದಳು. ಮೊದಲು ಕೈಗೆ ಸಿಕ್ಕ ಎಲೆ ಪೂರಾ ಕಂದು. ಎರಡನೆಯದೂ ಕಂದು. ಅವಳು ಇನ್ನೊಂದು ಮೆಟ್ಟಿಲೇರಿದಳು.

ಊಟಕ್ಕೆ ಕುಳಿತವರಿಗೆ ಕಿಟಕಿಯಲ್ಲಿ ಮೋರ್ತಾಳ ಮುಖ ಕಾಣಲಿಲ್ಲ. ಏಣಿಯ ಮೇಲೆ ತುದಿಗಾಲಲ್ಲಿ ನಿಂತ, ಕಪ್ಪು ಕಾಲುಚೀಲದ ಎರಡು ಪಾದಗಳು ಕಂಡವು; ಕೆಳಗೆ ತನ್ನ ಕೋಟನ್ನು ಬಿಚ್ಚಿ ಹರಡಿ ಹಿಡಿದ ಪರವೂರಿನ ಹೆಂಗಸು.